ಗಾಡಿಯ ಮೇಲಿನ ಹೆಸರು

ಮುಂಬಯಿಯಲ್ಲಿ ಇರುವವನಿಗೆ ಪುಸ್ತಕ ಹಿಡಿದು ಓದಲು ಪುರಸೊತ್ತು ಸಿಕ್ಕದೆ ಇರಬಹುದು; ಓದು ಮಾತ್ರ ತಪ್ಪಿದ್ದಲ್ಲ. ಬಸ್ಸಿನ ಕಿಟಕಿಯ ಬಳಿ ಕುಳಿತರೆ ಸಾಕು, ಮುಂದೆ ಹೋಗುವ ಟೆಂಪೊ, ಪಕ್ಕಕ್ಕೆ ಬಂದು ನಿಲ್ಲುವ ಸ್ಕೂಟರು, ಅಡ್ಡ ಹಾಯುವ ರಿಕ್ಷಾ ಎಲ್ಲವೂ ಏನನ್ನಾದರೂ ಓದಿಸಿಯೇ ತೀರುತ್ತವೆ. ಒಂದು ಗಾಡಿ ಹಾಲು ತಂದಿದ್ದೇನೆ ಎನ್ನುತ್ತದೆ. ಇನ್ನೊಂದು ಜಿರಳೆ ಕೊಲ್ಲುತ್ತೇನೆ ಎನ್ನುತ್ತದೆ. ಮತ್ತೊಂದು ಮದುವೆಗೆ ಊಟ ಬಡಿಸುತ್ತೇನೆ ಎನ್ನುತ್ತದೆ. ಸಿಗ್ನಲಿನಲ್ಲಿ ಜಿರಳೆಯ ಗಾಡಿಯೂ ಊಟದ ಗಾಡಿಯೂ ಅಕ್ಕಪಕ್ಕದಲ್ಲಿ ನಿಂತರೆ ಓದುವವನಿಗೆ ಸ್ವಲ್ಪ ಮುಜುಗರವಾಗುವುದುಂಟು. ಅದು ಗಾಡಿಗಳ ತಪ್ಪಲ್ಲ.

ಈ ಬೀದಿಯ ಸಾಹಿತ್ಯದ ಬಗ್ಗೆ ನಾಲ್ಕು ಮಾತು ಬರೆಯಲು ಕಾರಣವಿದೆ. ನಮ್ಮ ಜನ ಹೊರನಾಡಿಗೆ ಬಂದದ್ದು ಹೆಚ್ಚಾಗಿ ನೌಕರಿಗಾಗಿ, ಇಲ್ಲವೆ ಹೊಟೇಲಿಗಾಗಿ. ಈಗ ಸಂಘದ ಕೂಟಗಳಲ್ಲಿ ಮೂರನೆಯ ಬಗೆಯವರೂ ಕಾಣಿಸುತ್ತಾರೆ. ಒಬ್ಬರು ಮನೆಯಲ್ಲೇ ಅಡಿಗೆ ಮಾಡಿ ಡಬ್ಬಿ ಕಳಿಸುತ್ತಾರೆ. ಒಬ್ಬರು ನಲ್ಲಿ, ಪೈಪು ರಿಪೇರಿ ಮಾಡುತ್ತಾರೆ. ಒಬ್ಬರು ಹಬ್ಬಹರಿದಿನಕ್ಕೆ ಮಂಟಪ ಕಟ್ಟುತ್ತಾರೆ. ಮತ್ತೊಬ್ಬರು ಮನೆಸಾಮಾನು ಸಾಗಿಸುತ್ತಾರೆ. ಇವರಿಗೆ ಪೇಟೆಯಲ್ಲಿ ಅಂಗಡಿಯಿಲ್ಲ. ಈ ಊರಿನ ಬಾಡಿಗೆಗೆ ಅಂಗಡಿ ಹಿಡಿಯುವ ಶಕ್ತಿಯೂ ಇಲ್ಲ. ಇರುವುದು ಕೈಯಲ್ಲಿ ಕೆಲಸ, ಕಾಲಡಿಯಲ್ಲಿ ಒಂದು ಗಾಡಿ. ಆದುದರಿಂದ ಅವರ ಹೆಸರಿನ ಹಲಗೆಗೆ ಗೋಡೆಯೆಂದರೆ ಆ ಗಾಡಿಯೇ. ಅದರ ಮೇಲೆ ಏನು ಬರೆಯಬೇಕು, ಎಲ್ಲಿ ಬರೆಯಬೇಕು, ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದು ಅವರಿಗೆ ಅನ್ನದ ಪ್ರಶ್ನೆ.

ಗಾಡಿಯ ಮೇಲೆ ಹೆಸರು ಬರೆಯುವ ಪದ್ಧತಿಗೆ ಜಾಹೀರಾತಿನ ಜೊತೆಗೆ ಇನ್ನೊಂದು ಮೂಲವೂ ಇದೆ. ಇಂಗ್ಲೆಂಡಿನ 1835ರ ಹೆದ್ದಾರಿ ಕಾಯಿದೆಯಲ್ಲಿ ಒಂದು ಕಟ್ಟಳೆಯಿತ್ತು: ಸಾಮಾನು ಸಾಗಿಸುವ ಬಂಡಿಯ ಬಲಬದಿಯಲ್ಲಿ ಮಾಲಿಕನ ಹೆಸರು ಮತ್ತು ವಾಸಸ್ಥಳವನ್ನು ಕನಿಷ್ಠ ಒಂದು ಅಂಗುಲ ಎತ್ತರದ ಅಕ್ಷರಗಳಲ್ಲಿ ಬರೆಸಿರಬೇಕು. ಬಂಡಿಯವನಿಗೆ ಗಿರಾಕಿ ಸಿಗಲಿ ಎಂದು ಸರಕಾರ ಈ ಉಪಕಾರ ಮಾಡಲಿಲ್ಲ. ಬಂಡಿ ಯಾರನ್ನಾದರೂ ಹಾಯ್ದು ಓಡಿಹೋದರೆ ಅದು ಯಾರದೆಂದು ಗೊತ್ತಾಗಬೇಕು, ಅಷ್ಟೆ. ನಮ್ಮ ಲಾರಿಗಳ ಬದಿಯಲ್ಲಿ ಇಂದಿಗೂ ಮಾಲಿಕನ ಹೆಸರು, ವಿಳಾಸ, ಬರಿಗಾಡಿಯ ತೂಕ, ತುಂಬಿದ ಗಾಡಿಯ ತೂಕ ಬರೆದಿರುವುದನ್ನು ವಾಚಕರು ನೋಡಿರಬಹುದು. ಶಾಲೆಯ ಬಸ್ಸಿನ ಹಿಂದೆಮುಂದೆ ಅದು ಶಾಲೆಯ ಬಸ್ಸೆಂದು ಬರೆದಿರುವುದೂ, ಶಾಲೆಯ ಹೆಸರು, ಫೋನ್ ನಂಬರು ಹಾಕಿರುವುದೂ ಇದೇ ಕಾರಣಕ್ಕೆ. ಗಾಡಿಯ ಮೇಲಿನ ಹೆಸರೆಂದರೆ ಮೊದಲು ಜವಾಬ್ದಾರಿ, ಆಮೇಲೆ ಜಾಹೀರಾತು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿ ಸಿಕ್ಕುತ್ತದೆ ಎಂದು ನಮ್ಮ ಎಣಿಕೆ.

ಜಾಹೀರಾತಿನ ಕಡೆಯಿಂದ ನೋಡಿದರೆ ದೊಡ್ಡವರ ದಾರಿ ಬೇರೆಯೇ ಇತ್ತು. ಮುಂಬಯಿಯ ಟ್ರಾಮ್ 1964ರ ಮಾರ್ಚ್ 31ರಂದು ಕೊನೆಯ ಸಲ ಓಡಿತು. ಅದರ ಹಳೆಯ ಫೋಟೋಗಳನ್ನು ನೋಡಿದರೆ ಮೈತುಂಬ ಜಾಹೀರಾತಿನ ಹಲಗೆಗಳು ಕಾಣುತ್ತವೆ. ಇಂದಿನ ಬೆಸ್ಟ್ ಬಸ್ಸುಗಳ ಮೈಮೇಲೂ ಅವೇ. ಆದರೆ ಬಸ್ಸಿನ ಬೆನ್ನನ್ನು ಬಾಡಿಗೆಗೆ ಹಿಡಿಯುವುದು ನಮ್ಮ ಪೈಪು ರಿಪೇರಿಯವರ ಅಳವಿನದಲ್ಲ. ಅವರಿಗೆ ತಮ್ಮ ಸ್ಕೂಟರಿನ ಬೆನ್ನೇ ಗತಿ. ಅದಕ್ಕೆ ಒಂದು ಸಲ ಬರೆಸಿದ ಖರ್ಚು ಬಿಟ್ಟರೆ ತಿಂಗಳ ಬಾಡಿಗೆಯಿಲ್ಲ. ಎಲ್ಲಿ ಕೆಲಸವೋ ಅಲ್ಲಿಗೆ ಹೆಸರೂ ಹೋಗುತ್ತದೆ. ಒಂದು ಕಟ್ಟಡದ ಮುಂದೆ ಗಾಡಿ ಎರಡು ತಾಸು ನಿಂತರೆ ಆ ಕಟ್ಟಡದ ನಲವತ್ತು ಮನೆಯವರು ಹೋಗುತ್ತ ಬರುತ್ತ ಓದುತ್ತಾರೆ. ಓದಿದವರ ಮನೆಯಲ್ಲೂ ನಲ್ಲಿಗಳಿವೆ. ಅವೂ ಒಂದಲ್ಲ ಒಂದು ದಿನ ಸೋರುತ್ತವೆ.

ನಮ್ಮವರಿಗೆ ಇದು ಇನ್ನೂ ಹೆಚ್ಚು ಬೇಕಾದದ್ದು ಏಕೆಂದು ಹೇಳಬೇಕು. ಊರಿನಲ್ಲಿ ಯಾರಿಗೂ ಹಲಗೆ ಬೇಕಾಗಿರಲಿಲ್ಲ. ಇಂಥವರ ಮಗ, ಇಂಥ ಓಣಿಯ ಮನೆಯವನು ಎಂದರೆ ಮುಗಿಯಿತು. ಅಜ್ಜ ಗಳಿಸಿದ ಹೆಸರಿನ ಮೇಲೆ ಮೊಮ್ಮಗನಿಗೆ ಕೆಲಸ ಸಿಗುತ್ತಿತ್ತು. ಇಲ್ಲಿ ಡೊಂಬಿವಲಿಯ ಮೂರನೆಯ ಮಹಡಿಯಲ್ಲಿ ಎದುರು ಮನೆಯವರಿಗೆ ನಮ್ಮ ಹೆಸರು ಗೊತ್ತಿಲ್ಲ. ಅಜ್ಜನ ಹೆಸರಂತೂ ದೂರವೇ ಉಳಿಯಿತು. ಪರಸ್ಥಳದಲ್ಲಿ ನಮ್ಮ ಪರಿಚಯವನ್ನು ನಾವೇ ಹೊತ್ತು ತಿರುಗಬೇಕು. ಗಾಡಿಯ ಬದಿಯ ಎರಡು ಸಾಲು ಆ ಪರಿಚಯ ಪತ್ರ.

ಇನ್ನು ಏನು ಬರೆಯಬೇಕು ಎಂಬುದು. ನಮ್ಮ ಪರಿಚಯದ ಧಾರವಾಡ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ನರು ಒಂದು ಭಾನುವಾರ ಕಾಗದ ಹಿಡಿದು ಬಂದರು. ಕಚೇರಿಯಲ್ಲಿ ಕಾಗದಪತ್ರ ಬರೆದೇ ಹೊಟ್ಟೆ ಹೊರೆಯುವ ನಮಗೆ ಇಂಥ ಗಿರಾಕಿಗಳು ಆಗಾಗ ಬರುವುದುಂಟು.

“ರಾಯರ, ಗಾಡಿ ಮ್ಯಾಲೆ ಬರಸಲಿಕ್ಕೆ ಒಂದಿಷ್ಟು ಮಜಕೂರ ನೋಡಿ ಕೊಡ್ರಿ,” ಎಂದರು.

ಕಾಗದದಲ್ಲಿ ಮೊದಲು ಮನೆದೇವರ ಹೆಸರಿತ್ತು. ಆಮೇಲೆ ಅವರ ಹೆಸರು, ತಂದೆಯ ಹೆಸರು, ವೈರಿಂಗು, ಫ್ಯಾನು, ಗೀಜರು, ಇನ್ವರ್ಟರು, ಮೋಟಾರು ರಿವೈಂಡಿಂಗು, ದೀಪಾವಳಿಯ ದೀಪದ ಸರ, ಎರಡು ಫೋನ್ ನಂಬರು, ಕಟ್ಟಡದ ಹೆಸರಿನಿಂದ ಪಿನ್ ಕೋಡಿನ ತನಕ ಪೂರ್ತಿ ವಿಳಾಸ, ಕೊನೆಗೆ “ಒಮ್ಮೆ ಸೇವೆಗೆ ಅವಕಾಶ ಕೊಟ್ಟು ನೋಡಿ.”

“ಇಷ್ಟೆಲ್ಲ ಓದಬೇಕಾದರೆ ನಿಮ್ಮ ಗಾಡಿ ನಡುರಸ್ತೆಯಲ್ಲಿ ಕೆಟ್ಟು ನಿಲ್ಲಬೇಕಾದೀತು,” ಎಂದೆವು.

“ಕೆಡೂದು ಬ್ಯಾಡ್ರಿ, ನಾ ಆಗೇ ನಿಲ್ಲಸತೇನಲ್ರಿ, ಕೆಲಸಕ್ಕ ಹೋದಲ್ಲಿ?” ಎಂದರು ಅವರು.

ಆ ಮಾತಿನಲ್ಲಿ ತಿರುಳಿತ್ತು. ನಿಂತ ಗಾಡಿಯ ಓದುಗ ಬೇರೆ, ಓಡುವ ಗಾಡಿಯ ಓದುಗ ಬೇರೆ. ನಿಂತ ಗಾಡಿಯ ಬದಿಯನ್ನು ಓದುವವನು ನಾಲ್ಕು ಅಡಿ ದೂರದಲ್ಲಿ ನೆಲದ ಮೇಲೆ ನಿಂತಿರುತ್ತಾನೆ. ಅವನಿಗೆ ಆರು ಸಾಲು ಇದ್ದರೂ ನಡೆದೀತು. ಓಡುವ ಗಾಡಿಯದು ಬೇರೆ ಲೆಕ್ಕ. ಗಂಟೆಗೆ 40 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರು ಹೋಗುತ್ತದೆ. ಮೂರು ಸೆಕೆಂಡಿನಲ್ಲಿ 33 ಮೀಟರು. ಬದಿಯಲ್ಲಿ ನಿಂತು ನೋಡುವವನಿಗೆ ಸಿಗುವುದು ಆ ಮೂರು ಸೆಕೆಂಡೇ. ಅಷ್ಟರಲ್ಲಿ ಮನೆದೇವರ ಹೆಸರನ್ನು ದಾಟಿ ಫೋನ್ ನಂಬರಿಗೆ ಇಳಿಯುವ ಕಣ್ಣು ಯಾರಿಗೂ ಇಲ್ಲ.

ಕಡಮೆ ಅಕ್ಷರದಲ್ಲಿ ಹೆಚ್ಚು ಹೇಳುವುದು ಹೇಗೆಂದು ಬೀದಿಯೇ ಕಲಿಸುತ್ತದೆ. ಮೋಟಾರು ಕಲಿಯುವವನ ಗಾಡಿಯ ಮೇಲೆ ಬಿಳಿಯ ಚೌಕದಲ್ಲಿ ಕೆಂಪಗೆ ಇರುವ ‘ಎಲ್’ ಅಕ್ಷರವನ್ನು ನೋಡಿರಿ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಚೌಕ 18 ಸೆಂಟಿಮೀಟರಿಗೆ ಕಡಮೆಯಿರಬಾರದು. ಅಕ್ಷರ 10 ಸೆಂಟಿಮೀಟರು ಎತ್ತರವಿರಬೇಕು. ಒಂದೇ ಅಕ್ಷರ, ಆದರೂ ಹಿಂದಿನವನು ಓದಿ ದೂರ ಸರಿಯುತ್ತಾನೆ. ಮುಂಬಯಿಯ ಡಬ್ಬಾವಾಲಾಗಳು 1890ರಿಂದ ಊಟದ ಡಬ್ಬಿ ಸಾಗಿಸುತ್ತ ಬಂದಿದ್ದಾರೆ. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ನಾಲ್ಕಾರು ಗುರುತುಗಳೇ ಅದು ಯಾವ ನಿಲ್ದಾಣಕ್ಕೆ, ಯಾವ ಕಟ್ಟಡಕ್ಕೆ, ಯಾವ ಮಹಡಿಗೆ ಎಂಬುದನ್ನು ಹೇಳಿಬಿಡುತ್ತವೆ.

ಗಾಡಿಯ ಹಿಂಬದಿಗೆ ಮೂರು ಸಂಗತಿ ಸಾಕು: ಮಾಡುವ ಕೆಲಸ, ಮಾಡುವವನ ಹೆಸರು, ಒಂದೇ ಒಂದು ಫೋನ್ ನಂಬರು. ಎಲ್ಲಕ್ಕಿಂತ ದಪ್ಪವಾಗಿರಬೇಕಾದದ್ದು ಕೆಲಸ. ಹತ್ತು ಅಂಕೆಯ ನಂಬರನ್ನು ಒಂದೇ ಸರಪಳಿಯಾಗಿ ಬರೆಯದೆ ಐದೈದಾಗಿ ಒಡೆದು ಬರೆದರೆ ನೆನಪಿನಲ್ಲಿ ನಿಲ್ಲುತ್ತದೆ. ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಬೋರ್ಡು ಬರೆಯುವವರಲ್ಲಿ ಒಂದು ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ. ಮೂವತ್ತು ಅಡಿಯಿಂದ ಸುಲಭವಾಗಿ ಕಾಣಬೇಕಾದರೆ ಮೂರು ಅಂಗುಲ. ಕಾರಿನ ನಂಬರು ಫಲಕದ ಅಕ್ಷರಕ್ಕೆ ಸರಕಾರ ಗೊತ್ತುಮಾಡಿದ ಎತ್ತರ 65 ಮಿಲಿಮೀಟರು, ಅಂದರೆ ಸುಮಾರು ಎರಡೂವರೆ ಅಂಗುಲ. ಕಾರಿಗೆ ನಿಮ್ಮ ಫೋನ್ ನಂಬರು ಅದಕ್ಕಿಂತ ಚಿಕ್ಕದಾಗದಿದ್ದರೆ ಒಳ್ಳೆಯದು. ಮೊಬೈಲಿನಲ್ಲಿ ಹಿಡಿದು ನೋಡುವ ಕ್ಯೂಆರ್ ಚೌಕವನ್ನೂ ಈಗ ಕೆಲವರು ಅಂಟಿಸುತ್ತಾರೆ. ಅದು ನಿಂತ ಗಾಡಿಗೆ ಸರಿ. ಓಡುವ ಗಾಡಿಯ ಚೌಕಕ್ಕೆ ಮೊಬೈಲು ಹಿಡಿಯಲು ಹೋದವನು ಗಿರಾಕಿಯಾಗುವ ಮೊದಲೇ ಆಸ್ಪತ್ರೆ ಸೇರಿಯಾನು.

ಎಲ್ಲಿ ಬರೆಯಬೇಕು ಎಂಬುದನ್ನು ಆಂಬುಲೆನ್ಸಿನಿಂದ ಕಲಿಯಬಹುದು. ಅದರ ಹಣೆಯ ಮೇಲಿನ ಅಕ್ಷರಗಳು ತಿರುವುಮುರುವಾಗಿರುತ್ತವೆ. ಮುಂದಿನ ಗಾಡಿಯವನ ಕನ್ನಡಿಯಲ್ಲಿ ಮಾತ್ರ ಸರಿಯಾಗಿ ಕಾಣುತ್ತವೆ. ಓದುವವನು ಎಲ್ಲಿ ಕುಳಿತಿದ್ದಾನೆ ಎಂದು ಯೋಚಿಸಿ ಬರೆದದ್ದು ಅದು. ನಮ್ಮ ಸಣ್ಣ ಗಾಡಿಯನ್ನು ಹೆಚ್ಚು ಹೊತ್ತು ನೋಡುವವನು ಸಿಗ್ನಲಿನಲ್ಲಿ ಹಿಂದೆ ನಿಂತವನು. ಅವನಿಗೆ ನೋಡಲು ಬೇರೇನೂ ಇರುವುದಿಲ್ಲ. ಆದುದರಿಂದ ಸ್ಕೂಟರಿಗೆ ಹಿಂದಿನ ಪೆಟ್ಟಿಗೆಯೂ ಟೆಂಪೊಗೆ ಹಿಂಬಾಗಿಲೂ ಮೊದಲ ಜಾಗ, ಬದಿ ಎರಡನೆಯದು, ಮುಂಭಾಗ ಕೊನೆಯದು.

ಬರೆಸುವ ಬಗೆಗಳು ಮೂರು. ಕುಂಚದಿಂದ ಎನಾಮೆಲ್ ಬಣ್ಣದಲ್ಲಿ ಬರೆಸಬಹುದು. ಕೈ ಒಳ್ಳೆಯದಿದ್ದರೆ ಬಹುಕಾಲ ಬಾಳುತ್ತದೆ. ವಿನೈಲ್ ಸ್ಟಿಕ್ಕರು ಬೇಗ ಆಗುತ್ತದೆ. ಅಂಚು ಸರಿಯಾಗಿ ಕೂರದಿದ್ದರೆ ಜೂನಿನ ಮಳೆಗೆ ಎದ್ದುಬರುತ್ತದೆ. ಅಯಸ್ಕಾಂತದ ಹಾಳೆಯಾದರೆ ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದು. ಮನೆಯವರನ್ನು ಕರೆದುಕೊಂಡು ಮದುವೆಗೆ ಹೋಗುವಾಗ “ಗಟಾರ ಸ್ವಚ್ಛಮಾಡುತ್ತೇವೆ” ಎಂಬ ಹಲಗೆಯನ್ನು ಮನೆಯಲ್ಲೇ ಬಿಟ್ಟುಹೋಗುವ ಸೌಕರ್ಯ ಅದರಲ್ಲಿದೆ. ಆದರೆ ಅದು ಕಬ್ಬಿಣ, ಉಕ್ಕಿನ ತಗಡಿಗಷ್ಟೇ ಹಿಡಿಯುತ್ತದೆ. ಫೈಬರಿಗೂ ಅಲ್ಯುಮಿನಿಯಮ್ಮಿಗೂ ಹಿಡಿಯುವುದಿಲ್ಲ. ಆಗಾಗ ತೆಗೆದು ಒರೆಸದಿದ್ದರೆ ಅಡಿಯಲ್ಲಿ ನೀರು ನಿಂತು ಗಾಡಿಯ ಬಣ್ಣ ಕೆಡುತ್ತದೆ.

ಈಗ ಭಾಷೆಯ ಮಾತು. ಹೊರನಾಡ ಕನ್ನಡಿಗನಿಗೆ ಇದು ಮನಸ್ಸಿಗೆ ಹತ್ತಿರದ ವಿಷಯ. ಗಾಡಿಯ ಮೇಲೆ ಕನ್ನಡ ಇರಬೇಕೆ ಬೇಡವೆ?

ಮೊದಲು ಈ ನೆಲದ ಭಾಷೆಗೆ ಗೌರವ. ಮಹಾರಾಷ್ಟ್ರದಲ್ಲಿ ಹತ್ತಕ್ಕಿಂತ ಕಡಮೆ ಕೆಲಸಗಾರರಿರುವ ಅಂಗಡಿಗಳೂ ದೇವನಾಗರಿ ಲಿಪಿಯ ಮರಾಠಿ ಫಲಕ ಹಾಕಬೇಕೆಂದು 2022ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 2023ರ ಸಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ವರ್ತಕರಿಗೆ ಅದನ್ನು ಪಾಲಿಸಲು ಎರಡು ತಿಂಗಳ ಗಡುವು ಕೊಟ್ಟಿತು. ಕರ್ನಾಟಕದಲ್ಲೂ ಫಲಕಗಳಲ್ಲಿ ಶೇಕಡ 60 ಭಾಗ ಕನ್ನಡವಿರಬೇಕೆಂಬ ತಿದ್ದುಪಡಿ 2024ರಲ್ಲಿ ಬಂತು. ಈ ಕಟ್ಟಳೆಗಳು ಅಂಗಡಿಯ ಫಲಕದ ಮಾತು, ಗಾಡಿಯದಲ್ಲ. ಆದರೂ ನ್ಯಾಯ ಒಂದೇ. ಬೆಂಗಳೂರಿಗೆ ಬಂದವರಿಂದ ನಾವು ಏನನ್ನು ಬಯಸುತ್ತೇವೆಯೋ ಅದನ್ನು ಇಲ್ಲಿಯವರು ನಮ್ಮಿಂದ ಬಯಸಿದರೆ ಬೇಸರಪಡುವುದು ಸಲ್ಲದು. ಅಷ್ಟೇ ಅಲ್ಲ, ನಲ್ಲಿ ಸೋರುವ ಮನೆಗಳಲ್ಲಿ ಹೆಚ್ಚಿನವು ಮರಾಠಿಯವರವೇ. ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು, ದಿಲ್ಲಿಯಲ್ಲಿ ಹಿಂದಿ. ಗಿರಾಕಿಯ ಭಾಷೆಗೆ ಮೊದಲ ಸಾಲು.

ಹಾಗಾದರೆ ಕನ್ನಡಕ್ಕೆ? ಒಂದು ಸಾಲು ಇರಲಿ ಎಂದು ನಾವು ಹೇಳುತ್ತೇವೆ. ಇದು ಬರಿಯ ಅಭಿಮಾನದ ಮಾತಲ್ಲ. ಇಷ್ಟು ದೊಡ್ಡ ಊರಿನಲ್ಲಿ ಕನ್ನಡದ ಒಂದು ಸಾಲನ್ನು ಕಂಡ ಕನ್ನಡಿಗ ಅದನ್ನು ಓದದೆ ಬಿಡುವುದಿಲ್ಲ. ಕರ್ನಾಟಕದ ‘ಕೆಎ’ ನಂಬರಿನ ಗಾಡಿ ಕಂಡರೇ ಕತ್ತು ಹೊರಳಿಸಿ ನೋಡುವ ಜನ ನಾವು. ಹಾಗೆಂದು ಊರಿನಿಂದ ತಂದ ಗಾಡಿಯನ್ನು ಅದೇ ನಂಬರಿನಲ್ಲಿ ಉಳಿಸಿಕೊಳ್ಳುವಂತಿಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ಹೊಸ ನಂಬರಿಗೆ ಅರ್ಜಿ ಹಾಕಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮು ಹೇಳುತ್ತದೆ. ನಂಬರು ಹೋದರೂ ಅಕ್ಷರ ಉಳಿಯಬಹುದಲ್ಲ! ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರೇ ಇರುವಾಗ, ಕೆಲಸಕ್ಕೆ ಬರುವವನ ಗಾಡಿಯ ಮೇಲೆ ಕನ್ನಡ ಕಂಡರೆ ಅವರಿಗೆ ಬಾಗಿಲು ತೆರೆಯುವಾಗ ಅಂಜಿಕೆ ಕಡಮೆ. “ಯಾವ ಊರಿನವನಪ್ಪಾ ನೀನು?” ಎಂದು ಕೇಳಿ ಚಹ ಕೊಟ್ಟೇ ಕಳಿಸುತ್ತಾರೆ. ಗಾಡಿಯವರ ಮಕ್ಕಳಿಗೂ ಅದರಿಂದ ಒಂದು ಉಪಯೋಗವಿದೆ. ಶಾಲೆಯಲ್ಲಿ ಕನ್ನಡ ಕಲಿಯದ ಮಗುವಿಗೆ ಅಪ್ಪನ ಗಾಡಿಯ ಮೇಲಿನ ಅಕ್ಷರಗಳು ಮೊದಲ ಪಾಠವಾಗಬಹುದು.

ಆದರೆ ಕನ್ನಡ ಬರೆಸುವುದಾದರೆ ಕೆಲವು ಎಚ್ಚರಿಕೆ ಬೇಕು. ನಮ್ಮ ಲಿಪಿ ಮೇಲೆ ಗುಡಿಸು, ಕೆಳಗೆ ಒತ್ತು ಬಯಸುವ ಲಿಪಿ; ಇಂಗ್ಲಿಷಿಗೆ ಬಿಟ್ಟಷ್ಟೇ ಜಾಗದಲ್ಲಿ ತುರುಕಿದರೆ ಒತ್ತಕ್ಷರಗಳು ದೂರದಿಂದ ಚುಕ್ಕೆಯಂತೆ ಕಾಣುತ್ತವೆ. ‘ಎಲೆಕ್ಟ್ರಿಕಲ್ಸ್’ ಎಂಬ ಮಾತಿನಲ್ಲಿ ಒಂದೇ ಅಕ್ಷರದ ಕೆಳಗೆ ಎರಡು ಒತ್ತುಗಳಿವೆ. ‘ಕರೆಂಟಿನ ಕೆಲಸ’ ಎಂದರೆ ಒಂದೂ ಒತ್ತಿಲ್ಲ. ಅರ್ಥವೂ ಬೇಗ ಆಗುತ್ತದೆ. ‘ಪಾಕಶಾಲಾ ಸೇವಾ ಕೇಂದ್ರ’ಕ್ಕಿಂತ ‘ಮನೆ ಊಟ’ ಮೇಲು.

ಇಲ್ಲಿಯ ಬೋರ್ಡು ಬರೆಯುವವನಿಗೆ ಕನ್ನಡ ಬಾರದು. ಅವನು ಅಕ್ಷರವನ್ನು ಚಿತ್ರದಂತೆ ನೋಡಿ ಬರೆಯುತ್ತಾನೆ. ‘ಮ’ದ ಬಾಲ ಬಿಟ್ಟುಹೋದರೆ ‘ವ’ವಾಗುತ್ತದೆ; ‘ಷ’ದ ಹೊಟ್ಟೆಯ ಗೆರೆ ತಪ್ಪಿದರೆ ‘ಪ’ವಾಗುತ್ತದೆ; ‘ಮನೆ ಊಟ’ ‘ವನೆ ಊಟ’ವಾಗುತ್ತದೆ. ಕಂಪ್ಯೂಟರಿನಲ್ಲಿ ಮಾಡಿಸಿದರೂ ನಿಶ್ಚಿಂತೆಯಿಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ಆ ಫಾಂಟಿಲ್ಲದ ಅಂಗಡಿಯಲ್ಲಿ ತೆರೆದರೆ ಗೊತ್ತುಗುರಿಯಿಲ್ಲದ ಚಿಹ್ನೆಗಳು ಕಾಣುತ್ತವೆ. ಕೆಲವು ಹಳೆಯ ತಂತ್ರಾಂಶಗಳಲ್ಲಿ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಸಿಡಿಯುತ್ತದೆ. ಆದುದರಿಂದ ಟೈಪು ಮಾಡಿದ ಕಡತದ ಬದಲು ಪಿಡಿಎಫ್ ಅಥವಾ ದೊಡ್ಡ ಚಿತ್ರವನ್ನೇ ಕೊಡಬೇಕು. ಅಂಟಿಸುವ ಮೊದಲು ಕನ್ನಡ ಬಲ್ಲವರು ಎದುರಿಗೆ ನಿಂತು ಓದಿ ನೋಡಬೇಕು. ತಪ್ಪು ಕಾಗುಣಿತದ ಕನ್ನಡಕ್ಕಿಂತ ಕನ್ನಡವಿಲ್ಲದಿರುವುದೇ ವಾಸಿ ಎಂದು ಯಾರೂ ಹೇಳುವಂತಾಗಬಾರದು.

ಇನ್ನು ಕಾನೂನು. ಸರಕಾರಿ ಕಚೇರಿಯಲ್ಲಿ ಇರುವವರಿಗೆ ಈ ಅಧ್ಯಾಯ ಬಿಡುವುದು ಕಷ್ಟ; ವಾಚಕರು ಸಹಿಸಿಕೊಳ್ಳಬೇಕು.

ನಂಬರು ಫಲಕವನ್ನು ಮುಟ್ಟುವಂತಿಲ್ಲ. ಅದರ ಅಕ್ಷರಗಳು ಇಂಗ್ಲಿಷಿನಲ್ಲೇ ಇರಬೇಕು, ಅಂಕೆಗಳು 1, 2, 3 ಎಂಬ ರೂಪದಲ್ಲೇ ಇರಬೇಕು; ಅದರ ಮೇಲೆ ಅಂಗಡಿಯ ಹೆಸರೂ ಬೇಡ, ದೇವರ ಹೆಸರೂ ಬೇಡ. ಹಿಂದಿನ ದೀಪ, ಪ್ರತಿಫಲಕಗಳನ್ನು ಮುಚ್ಚಬಾರದು. ಗಾಜಿಗೆ ಅಂಟಿಸುವ ಯೋಚನೆ ಬಿಡುವುದು ಲೇಸು. ಮುಂದಿನ, ಹಿಂದಿನ ಗಾಜು ಶೇಕಡ 70, ಬದಿಯ ಗಾಜು ಶೇಕಡ 50 ಬೆಳಕನ್ನಾದರೂ ಒಳಗೆ ಬಿಡಬೇಕೆಂದು ನಿಯಮವಿತ್ತು. ಅದರ ಮೇಲೆ ಕಪ್ಪು ಹಾಳೆ ಅಂಟಿಸುವುದನ್ನು 2012ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಗಾಡಿಯ ಪೂರ್ತಿ ಮೈಗೆ ಬೇರೆ ಬಣ್ಣದ ಹೊದಿಕೆ ಹಾಕಿಸಿದರೆ ನೋಂದಣಿ ಪತ್ರದಲ್ಲೂ ಬಣ್ಣ ತಿದ್ದಿಸಬೇಕಾಗುತ್ತದೆ.

ದಿಲ್ಲಿಯವರು ಇನ್ನೂ ಸ್ವಲ್ಪ ಜಾಗರೂಕರಾಗಿರಬೇಕು. ಅಲ್ಲಿಯ 1957ರ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಯ 143ನೆಯ ಕಲಮು ಕಮಿಷನರರ ಲಿಖಿತ ಅನುಮತಿ ಬೇಕಾದ ಜಾಹೀರಾತುಗಳಲ್ಲಿ ವಾಹನದ ಮೇಲಿನದನ್ನೂ ಸೇರಿಸಿದೆ. ಬೇರೆ ಊರಿನವರೂ ತಮ್ಮ ಮುನಿಸಿಪಾಲಿಟಿಯಲ್ಲಿ ಒಂದು ಮಾತು ವಿಚಾರಿಸಿ ಕೆಲಸಕ್ಕೆ ಕೈಹಾಕಲಿ.

ಇದಕ್ಕಿಂತ ದೊಡ್ಡ ಸಂಗತಿ ವಿಮೆ. ಖಾಸಗಿ ಕಾರಿನ ಪಾಲಿಸಿಯ ಒಳಗಿನ ಸಣ್ಣ ಅಕ್ಷರವನ್ನು ಓದಿದರೆ, ಬಾಡಿಗೆಗೆ ಓಡಿಸುವುದಕ್ಕೂ, ಮಾದರಿ ವಸ್ತು ಮತ್ತು ಸ್ವಂತ ಸಾಮಾನು ಬಿಟ್ಟು ಬೇರೆ ಸರಕು ಸಾಗಿಸುವುದಕ್ಕೂ ಅದು ಅನ್ವಯಿಸುವುದಿಲ್ಲವೆಂದು ಬರೆದಿರುತ್ತದೆ. ಬರಿಯ ಹೆಸರು ಅಂಟಿಸಿದ ಮಾತ್ರಕ್ಕೆ ಕಾರು ಸರಕಿನ ಗಾಡಿಯಾಗದು. ಆದರೆ ‘ಕ್ಯಾಟರಿಂಗ್’ ಎಂದು ಬರೆಸಿದ ಕಾರಿನಲ್ಲಿ ಐವತ್ತು ಜನರ ಊಟದ ಪಾತ್ರೆಗಳನ್ನು ತುಂಬಿಕೊಂಡು ಹೋಗುವಾಗ ಅಪಘಾತವಾದರೆ, ವಿಮೆಯವರು ಮೊದಲು ಓದುವುದು ಆ ಹೆಸರನ್ನೇ. ದಿನಾ ಸರಕು ಸಾಗಿಸುವವರು ಹಳದಿ ಫಲಕದ ಗಾಡಿಯನ್ನೇ ಇಟ್ಟುಕೊಂಡು, ಅದಕ್ಕೆ ತಕ್ಕ ವಿಮೆ ಮಾಡಿಸುವುದು ಕ್ಷೇಮ. ಹಲಗೆಯಿಂದ ಬಂದ ಆದಾಯವೆಲ್ಲ ಒಂದು ಅಪಘಾತದಲ್ಲಿ ಹೋಗಬಾರದು.

ರಾಷ್ಟ್ರಧ್ವಜ, ಗಾಂಧೀಜಿಯ ಹೆಸರು ಅಥವಾ ಚಿತ್ರವನ್ನು ವ್ಯಾಪಾರಕ್ಕೆ ಬಳಸಿಕೊಳ್ಳುವುದನ್ನು 1950ರ ಕಾಯಿದೆ ತಡೆಯುತ್ತದೆ. ಫ್ರಿಜ್ಜು, ಏಸಿ ರಿಪೇರಿಯವರು ದೊಡ್ಡ ಕಂಪನಿಗಳ ಗುರುತುಗಳನ್ನೆಲ್ಲ ಸಾಲಾಗಿ ಹಾಕಿಸುತ್ತಾರೆ. ಕಂಪನಿಯ ಒಪ್ಪಿಗೆಯಿಲ್ಲದೆ ತಾನು ಅದರ ಅಧಿಕೃತ ಮನುಷ್ಯನೆಂದು ತೋರಿಸಿಕೊಂಡರೆ ವಕೀಲರ ನೋಟೀಸು ಬಂದೀತು. ಊಟ ತಿಂಡಿಯವರು ಆಹಾರ ಸುರಕ್ಷಾ ಪ್ರಾಧಿಕಾರದ 14 ಅಂಕೆಯ ನೋಂದಣಿ ಸಂಖ್ಯೆ ಪಡೆದಿದ್ದರೆ ಅದನ್ನು ಬದಿಯಲ್ಲಿ ಚಿಕ್ಕದಾಗಿ ಬರೆಸಲಿ. ಗಿರಾಕಿಗೆ ಅದು ನೂರು ವಿಶೇಷಣಗಳಿಗಿಂತ ಹೆಚ್ಚು.

ನಮ್ಮಂಥ ನೌಕರರ ಮನೆಗೂ ಒಂದು ಕಿವಿಮಾತು ಇದೆ. ಗಂಡ ಕಚೇರಿಯಲ್ಲಿ, ಹೆಂಡತಿ ಮನೆಯಲ್ಲಿ ಡಬ್ಬಿಯ ಊಟದ ಉದ್ಯೋಗದಲ್ಲಿ ಇರುವ ಸಂಸಾರಗಳು ನಮ್ಮಲ್ಲಿ ಉಂಟು. ಕೇಂದ್ರ ಸರಕಾರದ 1964ರ ನಡತೆ ನಿಯಮಗಳಲ್ಲಿ 15ನೆಯದು, ನೌಕರ ಅನುಮತಿಯಿಲ್ಲದೆ ಸ್ವಂತ ವ್ಯಾಪಾರ ಮಾಡುವುದನ್ನು ತಡೆಯುತ್ತದೆ. ಮನೆಯವರು ವ್ಯಾಪಾರ ಮಾಡುತ್ತಿದ್ದರೆ ಸರಕಾರಕ್ಕೆ ತಿಳಿಸಬೇಕೆನ್ನುತ್ತದೆ. ಮನೆಯವರ ಏಜೆನ್ಸಿ ಮುಂತಾದ ವ್ಯವಹಾರಕ್ಕೆ ನೌಕರ ಪ್ರಚಾರ ಮಾಡುವುದನ್ನೂ ತಪ್ಪೆಂದು ಎಣಿಸುತ್ತದೆ. ಹೆಂಡತಿಯ ದುಡಿಮೆಗೆ ಯಾವ ಅಡ್ಡಿಯೂ ಇಲ್ಲ. ಅದು ಅಭಿಮಾನಪಡಬೇಕಾದ ವಿಷಯ. ಆದರೆ ಆಕೆಯ ಊಟದ ಹಲಗೆ ಹೊತ್ತ ಸ್ಕೂಟರು ದಿನವಿಡೀ ಗಂಡನ ಕಚೇರಿಯ ಅಂಗಳದಲ್ಲಿ ನಿಂತರೆ, ಇದು ಪ್ರಚಾರವೋ ಅಲ್ಲವೋ ಎಂದು ಯಾರಾದರೂ ಕೇಳಿಯಾರು. ಕೇಳುವ ಸಂದರ್ಭವನ್ನೇ ಏಕೆ ಕೊಡಬೇಕು? ಮೊದಲು ಕಾಗದ ಬರೆದು ತಿಳಿಸಿಬಿಡುವುದು. ಹೆಸರನ್ನು ಡಬ್ಬಿ ಒಯ್ಯುವ ಗಾಡಿಯ ಮೇಲೆ ಹಾಕಿಸುವುದು. ಗಂಡನ ಸ್ಕೂಟರನ್ನು ಬರಿದಾಗಿ ಬಿಡುವುದು. ಇನ್ನೊಂದು ಮಾತು: ಹೆಂಗಸರು ನಡೆಸುವ ಉದ್ಯೋಗಕ್ಕೆ ಮನೆಯ ಫೋನ್ ನಂಬರನ್ನು ಬೀದಿಗೆ ಬರೆಯದೆ, ಉದ್ಯೋಗಕ್ಕೆಂದೇ ಬೇರೆ ನಂಬರು ಇಟ್ಟುಕೊಂಡರೆ ಹೊತ್ತಲ್ಲದ ಹೊತ್ತಿನ ಕರೆಗಳ ಕಾಟ ತಪ್ಪುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿ ಹೆಸರು ಬರೆಸಿದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಲಾರಿಗಳ ಹಿಂದೆ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆಯುವುದನ್ನು ಮಹಾರಾಷ್ಟ್ರ ಸರಕಾರ 2015ರಲ್ಲಿ ನಿಷೇಧಿಸಿತು. ಅದು ಜನರನ್ನು ವಿನಾಕಾರಣ ಹಾರ್ನ್ ಹೊಡೆಯಲು ಹುರಿದುಂಬಿಸುತ್ತದೆ ಎಂಬುದು ಕಾರಣ. ಗಾಡಿಯ ಮೇಲೆ ಬರೆದದ್ದನ್ನು ಜನ ನಿಜವಾಗಿ ಓದುತ್ತಾರೆ, ಓದಿದಂತೆ ನಡೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹೆಸರಿಲ್ಲದ ಗಾಡಿಯವನು ಸಿಗ್ನಲು ಹಾರಿದರೆ ಜನ “ಯಾರೋ ಒಬ್ಬ” ಎಂದು ಬೈದು ಮರೆಯುತ್ತಾರೆ. ಹೆಸರಿರುವ ಗಾಡಿಯವನು ಹಾರಿದರೆ ಹೆಸರು ಹಿಡಿದು ಬೈಯುತ್ತಾರೆ. ಫೋನ್ ನಂಬರೂ ಎದುರಿಗೇ ಇರುತ್ತದೆ. ಅದರ ಜೊತೆಗೆ ಕನ್ನಡದ ಸಾಲೂ ಇದ್ದರೆ ಬೈಗುಳ ನಮಗೆಲ್ಲ ಹಂಚಿಕೆಯಾಗುತ್ತದೆ. ಪರರ ಮನೆಯ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದು, ಮುದುಕರು ರಸ್ತೆ ದಾಟುವಾಗ ಹಾರ್ನ್ ಒತ್ತುವುದು, ಎಲೆಯಡಿಕೆ ಉಗುಳುವುದು ಇವೆಲ್ಲ ಹೆಸರಿನ ಕೆಳಗೆ ನಡೆಯುವ ಕೆಲಸಗಳಾಗುತ್ತವೆ.

ಬರೆದ ಮಾತಿಗೂ ಇದೇ ನ್ಯಾಯ. ‘24 ಗಂಟೆ ಸೇವೆ’ ಎಂದು ಬರೆಸಿದವನು ರಾತ್ರಿ ಎರಡು ಗಂಟೆಗೆ ಫೋನ್ ಎತ್ತಬೇಕು. ಎತ್ತಲಾಗದಿದ್ದರೆ ‘ಬೆಳಿಗ್ಗೆ 8ರಿಂದ ರಾತ್ರಿ 8’ ಎಂದೇ ಬರೆಸಲಿ. ಅದರಿಂದ ಗಿರಾಕಿ ಕಡಮೆಯಾಗುವುದಿಲ್ಲ, ನಂಬಿಕೆ ಹೆಚ್ಚುತ್ತದೆ. ನಮ್ಮ ಎಲೆಕ್ಟ್ರಿಷಿಯನ್ನರು ಕೊನೆಗೆ ಪೆಟ್ಟಿಗೆಯ ಹಿಂದೆ ಮರಾಠಿಯಲ್ಲಿ ಕೆಲಸ, ಹೆಸರು, ನಂಬರು ಬರೆಸಿದರು. ಕೆಳಗೆ ಕನ್ನಡದಲ್ಲಿ ‘ಕರೆಂಟಿನ ಕೆಲಸ’. ಉಳಿದ ಪಟ್ಟಿಯೆಲ್ಲ ಬದಿಗೆ ಹೋಯಿತು. ಮನೆದೇವರ ಚಿತ್ರ ಹ್ಯಾಂಡಲಿನ ಹತ್ತಿರ, ಅವರಿಗಷ್ಟೇ ಕಾಣುವಂತೆ ಕುಳಿತಿತು. ದೇವರು ನೋಡಬೇಕಾದದ್ದು ಓಡಿಸುವವನನ್ನೇ ತಾನೆ?

ಗಾಡಿ ಮಾರುವಾಗ ಹೆಸರನ್ನು ಒರೆಸಿಯೇ ಮಾರಬೇಕೆಂಬುದನ್ನು ಹಲವರು ಮರೆಯುತ್ತಾರೆ. ಹೊಸ ಮಾಲಿಕನ ಕೈಯಲ್ಲಿ ಆ ಗಾಡಿ ಎಲ್ಲೆಲ್ಲಿ ಹೋಗುತ್ತದೆಯೋ ಅಲ್ಲೆಲ್ಲ ಹಳೆಯ ಹೆಸರೂ ಹೋಗುತ್ತದೆ. ಅವನು ಮಾಡಿದ ಕೆಲಸಕ್ಕೆ ಜನ ಇವನಿಗೆ ಫೋನ್ ಮಾಡುತ್ತಾರೆ. ತಗಡನ್ನು ಮಾರಬಹುದು, ಹೆಸರನ್ನು ಮಾರಬಾರದು.

ಊರು ಬಿಟ್ಟು ಬರುವಾಗ ಹಿರಿಯರು ಹೇಳಿ ಕಳಿಸಿದ ಮಾತು ಒಂದೇ: “ಹೆಸರು ಕೆಡಿಸಬೇಡ.” ಆಗ ಅದು ಮನೆತನದ ಹೆಸರಾಗಿತ್ತು, ಕಣ್ಣಿಗೆ ಕಾಣದ್ದು. ಈಗ ಅದೇ ಹೆಸರು ಮೂರು ಅಂಗುಲದ ಅಕ್ಷರದಲ್ಲಿ ಬೀದಿಬೀದಿ ತಿರುಗುತ್ತದೆ. ಅದನ್ನು ಚೊಕ್ಕವಾಗಿ ಬರೆಸಿ, ವಾರಕ್ಕೊಮ್ಮೆ ಧೂಳು ಒರೆಸಿ, ಅದರ ಮರ್ಯಾದೆಗೆ ತಕ್ಕಂತೆ ಗಾಡಿ ಓಡಿಸುವವರಿಗೆ ಈ ಊರಿನಲ್ಲಿ ಅನ್ನಕ್ಕೆ ಕೊರತೆಯಾಗದು. ಬರೆಸುವ ಮೊದಲು ಮಜಕೂರಿನ ಕಾಗದವನ್ನು ಭಾನುವಾರ ಸಂಘಕ್ಕೆ ತಂದರೆ, ಕಾಗುಣಿತ ನೋಡಿಕೊಡುವವರು ಇದ್ದೇ ಇದ್ದಾರೆ. ಅದಕ್ಕೆ ಶುಲ್ಕವಿಲ್ಲ.